ಪಾಲೆ ಮರದ ಅಣಕು

"ಎಂತ ಮಾರಾಯ, ಎರಡೂ ಕೈ ಮೇಲೆತ್ತಿ ನಿಂತಿದ್ದಿ? ಪೊಲೀಸ್ ಹಿಡಿದದ್ದಾ?"

ಕಾವೂರಿನ ಗುಡ್ಡದ ಕಾಡು. ಐವತ್ತೆಂಟನೆಯ ಇಸವಿಯ, ಮಳೆಗಾಲದ ನಡುವಿನ ಆಟಿ ತಿಂಗಳ ಅಮಾವಾಸ್ಯೆ. ಬೆಳಕು ಇನ್ನೂ ಹರಿದಿರಲಿಲ್ಲ. ಕೇಳಿದವನು ಬೂಬ. ಅವನ ತೆಂಗಿನ ಗರಿಯ ಸೂಟೆ ಮಳೆಗೆ ಆರಿಹೋಗಿತ್ತು. ಕೈಯೆತ್ತಿ ನಿಂತವನು ಅವನ ನೆರೆಮನೆಯ ಮಾಯಿಲಪ್ಪ, ಹಂಚಿನ ಕಾರ್ಖಾನೆಯ ಗುಮಾಸ್ತ. ಇಬ್ಬರೂ ಬಂದದ್ದು ಒಂದೇ ಕೆಲಸಕ್ಕೆ. ಸೂರ್ಯ ಹುಟ್ಟುವ ಮೊದಲು, ಕಬ್ಬಿಣ ತಾಗಿಸದೆ, ಕಲ್ಲಿನಲ್ಲೇ ಜಜ್ಜಿ ಪಾಲೆ ಮರದ ತೊಗಟೆ ತೆಗೆಯಬೇಕು. ಅದರ ಕಷಾಯ ಕುಡಿದ ಮನೆಗೆ ಮಳೆಗಾಲದ ಕಾಯಿಲೆ ದಣಪೆ ದಾಟಿ ಬರುವುದಿಲ್ಲ.

ಮಾಯಿಲಪ್ಪ ಕೈಗಳನ್ನು ಇನ್ನಷ್ಟು ಅಗಲಿಸಿದ. ಮರವಾಗಿ ನಿಂತವರು ಮಾತಾಡುವುದಿಲ್ಲವಷ್ಟೆ.

ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ, ಕಳೆದ ಆಟಿಯಲ್ಲಿ, ತೊಗಟೆ ತರುವ ಪಾಳಿ ಅವನದಾಗಿತ್ತು. ಯಾವ ಮರದ್ದನ್ನು ತಂದನೋ ದೇವರೇ ಬಲ್ಲ, ಕಷಾಯ ಬೆಲ್ಲ ಕಾಸಿದ ನೀರಿನಂತಿತ್ತು. ತಾಯಿ ಒಂದು ಗೆರೆಯೂ ಅಲುಗದ ಮುಖದಲ್ಲಿ ಕುಡಿದು, ಲೋಟ ಕವುಚಿಟ್ಟು, "ನಿನ್ನ ಅಪ್ಪ ಇದ್ದಾಗ ಆಟಿಗೆ ಕಹಿ ಇತ್ತು" ಎಂದಿದ್ದಳು. ಬೇಲಿಯಾಚೆ ನಿಂತಿದ್ದ ಬೂಬನಿಗೆ ಅಷ್ಟೇ ಸಾಕಾಯಿತು. ಕಾವೂರಿನಿಂದ ಕೊಟ್ಟಾರದವರೆಗೆ 'ಬೆಲ್ಲದ ಮಾಯಿಲಪ್ಪ' ಎಂಬ ಹೆಸರು ಬಸ್ಸಿಗಿಂತ ಮೊದಲೇ ತಲುಪಿತು. ಮ್ಯಾನೇಜರನ ಇಂಗ್ಲಿಷು, ಕಂಡಕ್ಟರನ ಮೂಗಿನ ಸ್ವರ, ಪೋಸ್ಟ್ ಮಾಸ್ಟರನ ಕೆಮ್ಮು ಎಲ್ಲವನ್ನೂ ಅಣಕಿಸಿ ಊರನ್ನು ನಗಿಸುತ್ತಿದ್ದವನನ್ನು ಈಗ ಊರೇ ಅಣಕಿಸಿತು. ಅದನ್ನು ಸಹಿಸಬಹುದಿತ್ತು. ಕವುಚಿಟ್ಟ ಆ ಲೋಟವನ್ನು ಮಾತ್ರ ಅವನಿಂದ ಮರೆಯಲಾಗಲಿಲ್ಲ.

ಕೊಟ್ಟಾರದ ಕಟ್ಟಿಗೆ ಡಿಪೋದ ಮೊಯ್ದೀನಬ್ಬನಲ್ಲಿ ದುಃಖ ತೋಡಿಕೊಂಡ. ಮೊಯ್ದೀನಬ್ಬ ಗಡ್ಡ ನೀವಿ ಹೇಳಿದ: "ಕತ್ತಲೆಗೆ ಎಲೆ ಎಲ್ಲಿ ಕಾಣ್ತದೆ? ನಿಮ್ಮ ಮ್ಯಾನೇಜರನ್ನು ಬೆನ್ನು ನೋಡಿಯೇ ಗುರ್ತ ಹಿಡೀತಿಯಲ್ಲ? ಹಾಗೆಯೇ. ಮರವನ್ನು ಅಣಕಿಸಲಿಕ್ಕೆ ಕಲಿ."

ದೀಪಾವಳಿ ಕಳೆದ ಭಾನುವಾರ ಮೊದಲ ಪಾಠ. ಪಾಲೆ ಹೂ ಬಿಟ್ಟಿತ್ತು. ತಲೆ ತಿರುಗುವ ಆ ಘಮಕ್ಕೆ ಗುರು ಮೂಗಿಗೆ ಬೈರಾಸು ಕಟ್ಟಿಕೊಂಡೇ ಪಾಠ ಮಾಡಿದ. ಗೇರುಹಣ್ಣಿನ ಕಾಲದಲ್ಲಿ ಎರಡನೆಯದು. ಮರದ ತುಂಬ ಶ್ಯಾವಿಗೆಯಂಥ ಕಾಯಿಗಳು, ಇಬ್ಬರ ಅಂಗಿಯ ತುಂಬ ಗೇರುಹಣ್ಣಿನ ಕಲೆ. ಮೇ ತಿಂಗಳಲ್ಲಿ ತರಗೆಲೆ ಎಷ್ಟು ಸದ್ದು ಮಾಡುತ್ತಿತ್ತೆಂದರೆ ಪಾಠ ಕೇಳಬೇಕಾದರೆ ನಡಿಗೆ ನಿಲ್ಲಿಸಬೇಕು. ಜೂನಿನಲ್ಲಿ ಅದೇ ಕಾಲುದಾರಿ ತೋಡಾಗಿ ಹರಿಯಿತು. ಚಪ್ಪಲಿ ಕೈಯಲ್ಲಿ, ಕೊಡೆ ಮೊಯ್ದೀನಬ್ಬನ ತಲೆಯ ಮೇಲೆ, ಮಳೆ ಮಾಯಿಲಪ್ಪನ ತಲೆಯ ಮೇಲೆ.

"ಸೊಂಟ ನೇರ ಮಾಡು. ಕೈಗಳು ಒಂದೇ ಗಂಟಿನಿಂದ ಹೊರಡಬೇಕು, ಕೊಡೆಯ ಕಡ್ಡಿ ಹಾಗೆ" ಎಂದು ಮೊಯ್ದೀನಬ್ಬ ಟೈಲರನಂತೆ ಸುತ್ತು ಬರುತ್ತಿದ್ದ. "ಹ್ಞಾ, ಈಗ ಕಾಸರ್ಕದ ಮರ ಮಾಡು. ಬೆನ್ನು ಡೊಂಕು, ಎಡ ಹೆಗಲು ಕೆಳಗೆ. ಅದೂ ಕಹಿಯೇ, ಆದ್ರೆ ವಿಷ. ಕುಡಿದವ ಮುಂದಿನ ಆಟಿ ನೋಡ್ಲಿಕ್ಕಿಲ್ಲ."

ಮೂರನೆಯ ಪಾಠದ ಹೊತ್ತಿಗೆ ಮಾಯಿಲಪ್ಪನಿಗೆ ತೊಗಟೆಯ ನೆನಪೇ ಇರಲಿಲ್ಲ. ಭಾನುವಾರವೆಂದರೆ ಕಾಲು ತಾನಾಗಿ ಗುಡ್ಡ ಹತ್ತುತ್ತಿತ್ತು.

"ನೀನು ಕುಣೀತಾ ಇರು" ಎಂದ ಬೂಬ, ಈ ಅಮಾವಾಸ್ಯೆಯ ಮಳೆಯಲ್ಲಿ ಬೆಣಚುಕಲ್ಲು ಎತ್ತಿ. "ನಾನು ನಿನ್ನೆ ನೂಲು ಕಟ್ಟಿಟ್ಟ ಮರ ಇದೇ. ನೂಲು ಕಾಣುವುದಿಲ್ಲ, ಅಷ್ಟೆ."

ಮಾಯಿಲಪ್ಪ ಆ ಮರದ ಕಡೆ ತಿರುಗಿದ. ಮಾಸಲು ಆಕಾಶದಲ್ಲಿ ಅದರ ಕಪ್ಪು ಆಕಾರ ಕಂಡದ್ದೇ ತಡ, ಅವನ ಬೆನ್ನು ಬಾಗಿತು, ಎಡ ಹೆಗಲು ಇಳಿಯಿತು.

"ಬೂಬಣ್ಣಾ, ಕಲ್ಲು ಹಾಕ್ಬೇಡ! ಕಾಸರ್ಕ ಅದು!"

"ಯಾರು ಹೇಳಿದ್ದು?"

"ನನ್ನ ಹೆಗಲು!"

ಬೂಬ ಹಟಕ್ಕೆ ಒಂದೇಟು ಜಜ್ಜಿದ. ತೊಗಟೆ ಹರಿಯಿತು, ಪಾಲೆಯಾದರೆ ಒಸರಬೇಕಾದ ಹಾಲು ಬರಲಿಲ್ಲ. ಅವನ ಕೈಯ ಕಲ್ಲು ತಾನಾಗಿ ಕೆಳಗೆ ಬಿತ್ತು. ಮಾಯಿಲಪ್ಪ ಹತ್ತು ಹೆಜ್ಜೆ ಮೇಲೆ ಹತ್ತಿ, ಇನ್ನೊಂದು ಮರದೆದುರು ನೆಟ್ಟಗೆ ನಿಂತು, ಕೈಗಳನ್ನು ಕೊಡೆಯಂತೆ ಬಿಚ್ಚಿದ. ಮೈ ಎಲ್ಲಿಯೂ ತಕರಾರು ಮಾಡಲಿಲ್ಲ. ಜಜ್ಜಿದಾಗ ಬೆಳ್ಳಗೆ ಹಾಲು ಒಸರಿತು. ಬುಡ ತಡವಿದ ಬೆರಳಿಗೆ ಒದ್ದೆ ನೂಲೊಂದು ಸಿಕ್ಕಿತು. ಬೂಬನದೇ ನೂಲು.

ಗುಡ್ಡ ಇಳಿಯುವವರೆಗೂ ಬೂಬ ಆ ನೂಲನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಹಿಂದಿನಿಂದ ಬಂದ.

ಬೆಳ್ಳುಳ್ಳಿ, ಓಮ ಹಾಕಿ, ಕಾಯಿಸಿದ ಕಲ್ಲನ್ನು ಚುಂಯ್ ಎಂದು ಮುಳುಗಿಸಿದ ಕಷಾಯವನ್ನು ಮಾಯಿಲಪ್ಪ ತಾಯಿಗೆ ಕೊಟ್ಟ. ಅವಳು ಒಂದು ಗುಟುಕು ಕುಡಿದಳು. ಹುಬ್ಬು ಮೂಗಿಗೆ ಇಳಿಯಿತು, ಮೂಗು ತುಟಿಗೆ ಬಂತು, ಮುಖವೆಲ್ಲ ಒಣಗಿದ ಪುನರ್ಪುಳಿಯಂತೆ ಮುದುಡಿ ಕಣ್ಣಲ್ಲಿ ನೀರು ತುಂಬಿತು.

"ಅಯ್ಯಯ್ಯೋ, ನಿನ್ನ ಅಪ್ಪನದ್ದೇ ಕಹಿ!" ಎಂದು ನಗುತ್ತ ಲೋಟ ಮುಂದೆ ಚಾಚಿದಳು. "ಇನ್ನೂ ಒಂಚೂರು ಹಾಕು ಮಗಾ."

ಮರುದಿನ ಮೊಯ್ದೀನಬ್ಬ ಕಟ್ಟಿಗೆಯ ಗಾಡಿಯೊಡನೆ ಆ ದಾರಿಯಲ್ಲಿ ಬಂದ. ಬೂಬನ ಅಂಗಳದೆದುರು ಗಾಡಿ ನಿಂತಿತು. ಜಿಟಿಜಿಟಿ ಮಳೆಯಲ್ಲಿ, ಯಾರೂ ನೋಡುವುದಿಲ್ಲವೆಂದುಕೊಂಡು, ಬೂಬ ಎರಡೂ ಕೈ ಮೇಲೆತ್ತಿ ನಿಂತಿದ್ದ.

ಮೊಯ್ದೀನಬ್ಬ ಬೇಲಿಯ ಮೇಲಿಂದ ಕೂಗಿ ಹೇಳಿದ: "ಎಡ ಹೆಗಲು ಎತ್ತು ಬೂಬಣ್ಣಾ! ನೀನು ಕಾಸರ್ಕ ಆಗ್ತಿದ್ದಿ!"