ಏಳು ಕೋಣೆಗಳ ಬಂಗಲೆ

ಕೊಲೆ ಮಾಡಿದವಳು ಮಲತಾಯಿ ಎಂದು ಬಯಲಾಗುವ ಪುಟದ ಅಂಚಿನಲ್ಲಿ ಚಿಕ್ಕಮ್ಮ ಪೆನ್ಸಿಲಿನಲ್ಲಿ ಬರೆದಿದ್ದಳು: ‘ಇದು ಸಾಧ್ಯವಿಲ್ಲ.’

ಹುಡುಗಿಗೆ ಒಳಗೊಳಗೇ ಖುಷಿಯಾಯಿತು. ಸರಿಯಾಗೇ ನಾಟಿದೆ! ಹದಿನೇಳು ವರ್ಷದ ಅವಳು ಆರು ತಿಂಗಳು ಕೂತು ಬರೆದ ಮೊದಲ ಕಾದಂಬರಿ ಅದು. ಹರೆಯದವರಿಗೆಂದು ಪ್ರಕಾಶಕರೊಬ್ಬರು ಏರ್ಪಡಿಸಿದ್ದ ಸ್ಪರ್ಧೆಗೆ ಸೋಮವಾರದೊಳಗೆ ಕಳಿಸಬೇಕಿತ್ತು. ಅಮ್ಮ ಇದ್ದಾಗ ಭಾನುವಾರಗಳಲ್ಲಿ ಇಬ್ಬರೂ ಆಡುತ್ತಿದ್ದ ಒಂದು ಬೋರ್ಡ್ ಆಟದಿಂದ ಹುಟ್ಟಿದ ಕಥೆ. ಒಂದು ಬಂಗಲೆ, ಏಳು ಕೋಣೆ, ಒಂದು ಹೆಣ. ದಾಳ ಉರುಳಿಸುತ್ತ, ಚೀಟಿ ನೋಡುತ್ತ, ಕೊಂದವರು ಯಾರು, ಯಾವುದರಿಂದ, ಯಾವ ಕೋಣೆಯಲ್ಲಿ ಎಂದು ಕಂಡುಹಿಡಿಯಬೇಕು. ಅಮ್ಮ ತೀರಿಕೊಂಡ ಮೇಲೆ ಆ ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ಚಿಕ್ಕಮ್ಮನನ್ನು ಮದುವೆಯಾಗಿ ಕರೆತಂದ. ಕಾದಂಬರಿಯ ಮಲತಾಯಿಗೆ ಹುಡುಗಿ ಬೇಕೆಂತಲೇ ಚಿಕ್ಕಮ್ಮನ ನಡಿಗೆ, ಚಿಕ್ಕಮ್ಮನ ಕೆಮ್ಮು, ಕತ್ತಿನ ಮೇಲಿನ ಮಚ್ಚೆ ಎಲ್ಲ ಕೊಟ್ಟಿದ್ದಳು. ಆಮೇಲೆ ಹಾಳೆಗಳ ಕಟ್ಟನ್ನು ಅವಳ ಮುಂದೆಯೇ ಇಟ್ಟು, “ತಪ್ಪಿದ್ರೆ ಗುರುತು ಹಾಕಿ” ಅಂದಿದ್ದಳು.

ಸಂಜೆಯವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಚಿಕ್ಕಮ್ಮ ಕೆಲಸಕ್ಕಿದ್ದ ಕನ್ನಡಕದ ಅಂಗಡಿಗೇ ಹೋದಳು. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಚಿಕ್ಕಮ್ಮ ಯಾರದೋ ಕನ್ನಡಕದ ಕಡ್ಡಿಗೆ ಸಾಸಿವೆಯಷ್ಟು ಸಣ್ಣ ಸ್ಕ್ರೂ ಕೂರಿಸುತ್ತಿದ್ದಳು.

“ಏನು ಸಾಧ್ಯವಿಲ್ಲ?” ಹುಡುಗಿ ಪುಟವನ್ನು ಗಾಜಿನ ಮೇಜಿನ ಮೇಲೆ ಇಟ್ಟಳು.

“ನಿನ್ನ ಅಡುಗೆಯವನ ಮಾತು.” ಚಿಕ್ಕಮ್ಮ ತಲೆಯೆತ್ತಲಿಲ್ಲ. “ಎರಡನೇ ಅಧ್ಯಾಯದಲ್ಲೇ ಅವನ ಕನ್ನಡಕ ಒಡೆದುಹೋಗುತ್ತೆ. ಚಿಕ್ಕಂದಿನಿಂದ ಹಾಕ್ಕೊಂಡಿದ್ದು, ಕನ್ನಡಕ ಇಲ್ದಿದ್ರೆ ಬಾಗಿಲಲ್ಲಿ ನಿಂತವರ ಗುರುತೂ ಸಿಗಲ್ಲ ಅಂತ ನೀನೇ ಬರೆದಿದ್ದೀಯ. ಹತ್ತನೇ ಅಧ್ಯಾಯಕ್ಕೆ ಬಂದ್ರೆ, ತೋಟದ ಆ ತುದಿಯಿಂದ ಕಿಟಕೀಲಿ ಅವಳ ಮುಖ ನೋಡಿದೆ ಅಂತಾನೆ. ಅಂಥವನಿಗೆ ಅಷ್ಟು ದೂರದಿಂದ ಮುಖ ಹಾಗಿರಲಿ, ಕಿಟಕೀನೇ ಕಾಣಲ್ಲ ಕಣೇ.”

ಹುಡುಗಿಯ ಮುಖ ಇಳಿಯಿತು. ಇಡೀ ಕಾದಂಬರಿಗೆ ಇದ್ದ ಸಾಕ್ಷಿ ಅವನೊಬ್ಬನೇ. “ಅಂದ್ರೆ ಅವಳು ತಪ್ಪಿಸಿಕೊಂಡ್ಲು. ನಿಮಗೂ ಅದೇ ಬೇಕಾಗಿತ್ತು!”

“ಅಯ್ಯೋ, ಹಾಗೆ ಹೇಗೆ ಬಿಟ್ಟುಬಿಡೋಕಾಗುತ್ತೆ? ಅವನದ್ದು ಓದೋ ಕನ್ನಡಕ ಮಾಡು. ವಯಸ್ಸಾದವನಲ್ವಾ? ಹತ್ತಿರದ್ದು ಮಂಜು, ದೂರದ್ದು ಬರಿಗಣ್ಣಿಗೇ ಸ್ಪಷ್ಟ. ಚಿಕ್ಕಂದಿನದ್ದು, ಬಾಗಿಲಿನದ್ದು, ಆ ಎರಡೂ ಮಾತು ಹೊಡೆದುಹಾಕಿಬಿಡು. ಆಗ ನೋಡು, ಅವಳು ಸೀದಾ ಸಿಕ್ಕಿಬೀಳ್ತಾಳೆ.”

ಹೊಡೆಯಲೆಂದು ಎತ್ತಿದ ಕೈಗೆ ಎದುರಿನವರೇ ಕೋಲು ಕೊಟ್ಟಂತಾಗಿತ್ತು. ಹುಡುಗಿ ಕೇಳಿಯೇ ಬಿಟ್ಟಳು: “ಅವಳು ಯಾರು ಅಂತ ನಿಮಗೆ ಗೊತ್ತಾಗಲಿಲ್ವಾ?”

“ಮಚ್ಚೆ ಎಡಗಡೆ ಅಂತ ಬರೆದಿದ್ದೀಯ. ನಂದು ಬಲಗಡೆ,” ಎಂದು ಚಿಕ್ಕಮ್ಮ ಸಣ್ಣಗೆ ನಕ್ಕಳು. “ನನಗೋಸ್ಕರ ಏನೂ ಬದಲಾಯಿಸೋಕೆ ಹೋಗಬೇಡ. ಕಥೆ ಚೆನ್ನಾಗಿದೆ, ಅವಳೇ ಕೊಂದಿರಲಿ. ಆದ್ರೆ ಯಾಕೆ ಕೊಂದ್ಲು? ಅದು ಎಲ್ಲೂ ಇಲ್ವಲ್ಲ?”

“ಆಟದಲ್ಲೂ ಇಲ್ಲ. ಯಾರು, ಎಲ್ಲಿ, ಯಾವುದರಿಂದ. ಅಷ್ಟೇ.”

“ಆಟಕ್ಕೆ ಅಷ್ಟು ಸಾಕು. ಓದೋರು ಸುಮ್ಮನಿರ್ತಾರಾ?” ಚಿಕ್ಕಮ್ಮ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. “ಏಳು ಕೋಣೇನೂ ಅಷ್ಟು ಚೆನ್ನಾಗಿ ಬರೆದಿದ್ದೀಯ. ಅಡುಗೆಯವನಿಗೆ ಒಂದಿದೆ. ನಾಯಿಗೂ ಮೆಟ್ಟಿಲ ಕೆಳಗೆ ಜಾಗ ಇದೆ. ಅವಳದ್ದು ಯಾವುದು ಅಂತ ಹುಡುಕಿದೆ. ಸಿಗಲಿಲ್ಲ.”

ಕಾಗುಣಿತದ ತಪ್ಪು ತೋರಿಸಿದಷ್ಟೇ ಸಲೀಸಾಗಿ ಹೇಳಿದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಒಳಗೆ ಬಂದರು. ಚಿಕ್ಕಮ್ಮ ಎದ್ದು ಅವರತ್ತ ಹೋದಳು.

ಮನೆಗೆ ಬಂದವಳೇ ಹುಡುಗಿ ಅಡುಗೆಯವನ ಕಣ್ಣು ಸರಿಮಾಡಿದಳು. ಕೊಂದವಳನ್ನು ಬದಲಾಯಿಸಲಿಲ್ಲ. ಆದರೆ ‘ಯಾಕೆ’ ಎಂಬುದನ್ನು ಬರೆಯಲು ಕೂತಾಗ ಪೆನ್ನು ಓಡಲಿಲ್ಲ. ಆ ಮಲತಾಯಿ ಬಂಗಲೆಯಲ್ಲಿ ಎಲ್ಲಿ ಮಲಗುತ್ತಾಳೆ, ಬಟ್ಟೆ ಎಲ್ಲಿಡುತ್ತಾಳೆ, ಬೇಜಾರಾದರೆ ಎಲ್ಲಿ ಹೋಗಿ ಕೂರುತ್ತಾಳೆ? ಒಂದೂ ಗೊತ್ತಿಲ್ಲ. ಚಿಕ್ಕಮ್ಮ ಎಲ್ಲಿಡುತ್ತಾಳೋ ನೋಡಿಯೇ ಬರೆಯೋಣವೆಂದು ಎದ್ದು ಅಪ್ಪನ ಕೋಣೆಗೆ ಹೋದಳು. ಬೀರುವಿನ ತುಂಬ ಅಮ್ಮನ ಬಟ್ಟೆ. ಅದನ್ನು ಯಾರೂ ಮುಟ್ಟಕೂಡದು ಎಂದು ಹಟ ಹಿಡಿದು ಬೀಗದ ಕೈ ತನ್ನ ಹತ್ತಿರ ಇಟ್ಟುಕೊಂಡವಳು ಅವಳೇ. ಬಗ್ಗಿ ಮಂಚದ ಕೆಳಗೆ ನೋಡಿದಳು. ಒಂದು ಸೂಟ್‌ಕೇಸಿತ್ತು. ಎಳೆದು ಮುಚ್ಚಳ ಎತ್ತಿದಳು. ನಾಳೆ ಬೆಳಿಗ್ಗೆ ಊರಿಗೆ ಹೊರಡುವವರ ಹಾಗೆ ಬಟ್ಟೆಗಳೆಲ್ಲ ಒತ್ತೊತ್ತಾಗಿ ಮಡಿಸಿದ್ದವು. ಬದಿಯಲ್ಲಿ ಬಾಚಣಿಗೆ, ಕೆಮ್ಮಿನ ಔಷಧಿ, ಯಾವುದೋ ಹಳೆಯ ಫೋಟೊ. ಎರಡು ವರ್ಷ.

ಅವಳು ಮುಚ್ಚಳ ಮುಚ್ಚಿ ಅದನ್ನು ಇದ್ದಲ್ಲಿಗೇ ತಳ್ಳಿದಳು. ಆಮೇಲೆ ಕೀಲಿ ತಂದು ಬೀರು ತೆರೆದಳು. ಎಲ್ಲವನ್ನೂ ತೆಗೆಯುವುದು ಅವಳಿಂದಾಗಲಿಲ್ಲ. ಅಮ್ಮನ ಸ್ವೆಟರುಗಳನ್ನು ಎದೆಗವಚಿಕೊಂಡು ತಂದು ತನ್ನ ಹಾಸಿಗೆಯ ಮೇಲೆ ಇಟ್ಟಳು. ಬೀರುವಿನ ಒಂದು ಅರೆ ಖಾಲಿಯಾಯಿತು.

ಸಂಜೆ ಚಿಕ್ಕಮ್ಮ ಬಂದಾಗ ಬೀರುವಿನ ಬಾಗಿಲು ತೆರೆದೇ ಇತ್ತು. ಪಕ್ಕದ ಕೋಣೆಯಲ್ಲಿ ಬರೆಯುತ್ತಿದ್ದ ಹುಡುಗಿಗೆ ಬಾಗಿಲ ಸಂದಿಯಿಂದ ಕಾಣುತ್ತಿತ್ತು: ಚಿಕ್ಕಮ್ಮ ಸೂಟ್‌ಕೇಸಿನಿಂದ ಒಂದೇ ಒಂದು ಕರವಸ್ತ್ರ ತೆಗೆದು, ಖಾಲಿ ಅರೆಯ ಮೂಲೆಯಲ್ಲಿಟ್ಟು, ಯಾರಾದರೂ ಬೇಡವೆಂದಾರು ಎಂಬಂತೆ ಅದರ ಮೇಲಿನ ಕೈ ತೆಗೆಯದೆ ನಿಂತೇ ಇದ್ದಳು.