ಚೈನ್ ಕವರ್

ಜೋಳದ ಹೊಲದ ಬೆದರುಬೊಂಬೆಗೆ ತನ್ನ ಹಳೆಯ ಸೀರೆ ಉಡಿಸಿ ನೀಲವ್ವ ಮನೆಗೆ ಬಂದಾಗ, ಗಂಡ ಹೊಲಕ್ಕೆಂದೇ ತಂದ ಹೊಸ ಮೂರು ಗಾಲಿ ಸೈಕಲ್ ಗಾಡಿಯ ಚೈನ್ ಕವರ್ ಬಿಚ್ಚುತ್ತ ಕೂತಿದ್ದ.

“ಅದನ್ಯಾಕ ಬಿಚ್ಚಾಕ ಹತ್ತೀರಿ?”

“ಎರಿಮಣ್ಣು ಒಳಗ ಮೆತ್ತಿ ಚೈನು ಬಿಗೀತೈತಿ.”

“ಇರ್ಲಿ ಬಿಡ್ರಿ. ನಾನೂ ಹೊಡಿಯಾಕ ಕಲೀತೀನಿ. ಸೆರಗು ಸಿಕ್ಕೀತು.”

“ಕವರ್ ಬೇಕಾಗೋದು ಸೀರಿ ಉಟ್ಟವರಿಗೆ. ಇದು ಗಂಡಸರ ಗಾಡಿ.”

“ನಿಮ್ಮ ಧೋತರ ಸಿಕ್ಕರ?”

“ಗಂಡಸರ ಧೋತರಕ್ಕ ಏನಾಕ್ಕೈತಿ?”

ಕವರನ್ನು ಹಿತ್ತಲಿಗೆ ಎಸೆದು, ಮೀಸೆ ತೀಡಿ, ಗಾಡಿ ಏರಿ ಹೊಲಕ್ಕೆ ಹೋದ. ನೀಲವ್ವ ಕವರನ್ನು ಎತ್ತಿ ಒರೆಸಿಟ್ಟಳು.

ಸಂಜೆ ಅವನು ಊರ ಮುಂದಿನ ದಾರಿ ಬಿಟ್ಟು, ಗಾಡಿ ತಳ್ಳಿಕೊಂಡು ಹಿತ್ತಲ ಕಡೆಯಿಂದ ಬಂದ. ಚೈನಿನ ತುಂಬ ಧೋತರದ ಚಿಂದಿ. ಮೀಸೆಗೆ ಗ್ರೀಸು. ಸೊಂಟಕ್ಕೆ ಸುತ್ತಿಕೊಂಡದ್ದು ಬೆದರುಬೊಂಬೆಯ ಸೀರೆ.

“ಆ ಕವರ್ ಎಲ್ಲೈತಿ?” ಎಂದ, ನೆಲ ನೋಡುತ್ತ.

ನೀಲವ್ವ ನಗಲಿಲ್ಲ. ಒಳಗಿನಿಂದ ಕವರ್ ತಂದು ಕೈಗಿತ್ತಳು.

“ಹಾಕ್ರಿ. ಸೀರಿ ಉಟ್ಟವರಿಗೆ ಬೇಕ ಬೇಕು.”