ಪರದೆಯ ಹಿಂದಿನ ದೆವ್ವ

"ಬಾವಿಯೊಳಗಿನ ಹೆಣ ಮೆಲ್ಲಗೆ ಕಣ್ಣು ಬಿಟ್ಟಿತು..." ಎಂದು ಇದ್ರೀಸ್ ಓದುತ್ತಿದ್ದಂತೆಯೇ ಪರದೆಯ ಹಿಂದಿನಿಂದ ನರಳಾಟ ಕೇಳಿಸಿತು. ಜಗಲಿಯ ಮೇಲಿದ್ದ ಹತ್ತು ಹನ್ನೆರಡು ಜನ ಉಸಿರು ಬಿಗಿ ಹಿಡಿದರು. ಪಕ್ಕದ ಬೀದಿಯ ಕೆಂಚಯ್ಯನ ಬೀಡಿ ಜಾರಿ ಪಂಚೆಯ ಮೇಲೆ ಬಿತ್ತು.

"ಅಬ್ಬಬ್ಬಾ! ಸಾಬ್ರೆ, ನಿಮ್ಮ ಮನೆಯೋರು ದೆವ್ವಾನೇ ಕರ್ಕಂಡು ಬಂದ್ಬುಟ್ರು ಕಣಪ್ಪ!"

ಇದ್ರೀಸ್ ನಕ್ಕ. ನಗದೆ ಏನು ಮಾಡಿಯಾನು? ಪರದೆಯ ಹಿಂದೆ ದೆವ್ವವೂ ಇರಲಿಲ್ಲ, ನಾಟಕವೂ ಇರಲಿಲ್ಲ. ಅವನ ಹೆಂಡತಿ ಕರೀಮುನ್ನೀಸಾ ಜ್ವರದಲ್ಲಿ ಬೇಯುತ್ತಿದ್ದಳು. ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಚನ್ನಪಟ್ಟಣಕ್ಕೆ ಪ್ಲೇಗು ಕಾಲಿಟ್ಟು ತಿಂಗಳಾಗಿತ್ತು. ಗಡ್ಡೆ ಎದ್ದವರನ್ನು ಗಾಡಿಯಲ್ಲಿ ಹಾಕಿಕೊಂಡು ಊರಾಚೆಯ ಶೆಡ್ಡಿಗೆ ಸಾಗಿಸುತ್ತಿದ್ದರು. ಇದ್ರೀಸನ ಬೀದಿಯಿಂದ ಹಾಗೆ ಹೋದವರಲ್ಲಿ ಒಬ್ಬರೂ ನಡೆದುಕೊಂಡು ವಾಪಸು ಬಂದಿರಲಿಲ್ಲ. ಅವನ ತಾಯಿಯೂ ಬರಲಿಲ್ಲ. ಇವಳನ್ನು ಮಾತ್ರ ಪ್ರಾಣ ಹೋದರೂ ಕೊಡುವುದಿಲ್ಲವೆಂದು ಅವನು ಹಟ ಹಿಡಿದಿದ್ದ.

ಓದು ಶುರುವಾದದ್ದೂ ಅವಳಿಂದಲೇ. ಬೊಂಬೆ ಕಡೆದು ಅರಗಿನ ಬಣ್ಣ ಹಚ್ಚುವ ಇದ್ರೀಸ್ ನಾಲ್ಕು ಕ್ಲಾಸು ಕನ್ನಡ ಕಲಿತವನು. ಬೆಂಗಳೂರಿನ ಪೇಟೆಯಿಂದ ದೆವ್ವದ ಕಥೆಗಳ ಪುಸ್ತಕವೊಂದನ್ನು ತಂದಿಟ್ಟಿದ್ದ. ಜ್ವರ ಏರಿದ ಮೊದಲ ಮಧ್ಯಾಹ್ನ ಅವಳೇ ಕೇಳಿದಳು.

"ಆ ಬಾವಿ ಕಥೆ ಓದಿ."

"ಹುಚ್ಚೀ, ಇಂಥಾ ಹೊತ್ತಲ್ಲಿ ಅದ್ಯಾಕೆ?"

"ಕೇಳ್ತಾ ಇದ್ರೆ ಆ ಹೆಣಕ್ಕೆ ಹೆದರ್ತೀನಿ. ಈ ಗಡ್ಡೆಗೆ ಹೆದರೋದು ಮರೆತುಹೋಗುತ್ತೆ."

ಅವನು ಓದಿದ. ಅವಳು ನರಳಿದಳು. ದಾರಿಯಲ್ಲಿ ಹೋಗುತ್ತಿದ್ದ ಕೆಂಚಯ್ಯ ಕಿಟಕಿಗೆ ಕಿವಿ ಕೊಟ್ಟ. ಗಂಡ ಕಥೆ ಓದುತ್ತಾನೆ, ಹೆಂಡತಿ ದೆವ್ವದ ದನಿ ಮಾಡುತ್ತಾಳೆ ಎಂದು ಊರಿಗೆಲ್ಲ ಡಂಗುರ ಸಾರಿದ. ಮಾರನೆಯ ದಿನ ಜಗಲಿ ತುಂಬಿತು. ಬರಬೇಡಿ ಎಂದರೆ ಅನುಮಾನ ಬರುತ್ತದೆ. ಹೆಂಗಸರು ಹೊರಗಿನವರ ಕಣ್ಣಿಗೆ ಬೀಳದ ಗೋಷಾ ಮನೆಯಾದ್ದರಿಂದ ಪರದೆ ಎತ್ತಿ ಇಣುಕುವವರು ಯಾರೂ ಇರಲಿಲ್ಲ. ಅವನಿಗಿದ್ದದ್ದು ಅದೊಂದೇ ಧೈರ್ಯ.

ಜನವೂ ಎಂಥ ಜನ! ದಿನಕ್ಕೆ ಮೂರು ಹೆಣ ಏಳುವ ಊರಿನಲ್ಲಿ ದೆವ್ವದ ಕಥೆಗೆ ಮುಗಿಬೀಳುವುದೇ? ಆದರೆ ಅವರನ್ನು ಬೈಯುವ ಹಾಗೂ ಇಲ್ಲ. ಕಥೆಯಲ್ಲಿ ಸಾಯುವವನು ಬೇರೆ ಯಾವನೋ. ಪುಸ್ತಕ ಮುಚ್ಚಿದರೆ ದೆವ್ವ ಅಲ್ಲೇ ಬಿದ್ದಿರುತ್ತದೆ, ನಮ್ಮ ಹಿಂದೆ ಮನೆಗೆ ಬರುವುದಿಲ್ಲ. ಪ್ಲೇಗಿನ ಇಲಿಗೆ ಅಷ್ಟು ಮರ್ಯಾದೆ ಎಲ್ಲಿದೆ?

ಇಷ್ಟೇ ಆಗಿದ್ದರೆ ಇದ್ರೀಸ್ ಹೇಗೋ ತಡೆದುಕೊಳ್ಳುತ್ತಿದ್ದ. ಮೂರನೆಯ ದಿನ ಪ್ಲೇಗಿನ ಗುಮಾಸ್ತ ವೆಂಕಟಯ್ಯ ಬಂದು ಜಗಲಿಯ ಮೇಲೆ ಕೂತ. ಮನೆಮನೆಗೆ ಹೋಗಿ ರೋಗಿಗಳ ಪಟ್ಟಿ ಬರೆಯುವವನು ಅವನೇ. ಅವನು ಹೆಸರು ಬರೆದರೆ ಸಂಜೆಗೆ ಗಾಡಿ ಬಂತೆಂದೇ ಲೆಕ್ಕ. ಎಲ್ಲರೂ ಬೆಚ್ಚಿದಾಗ ಅವನೊಬ್ಬ ಬೆಚ್ಚಲಿಲ್ಲ. ಅವನ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಜನ ಎದ್ದುಹೋದ ಮೇಲೆ ಹತ್ತಿರ ಬಂದ.

"ಒಳಗೆ ನರಳಿದ್ರೆ ಬೀದಿ ಕೊನೇತನಕ ಕೇಳುಸ್ತದಾ ಸಾಬ್ರೆ?"

"ಇಲ್ಲ ಸ್ವಾಮಿ... ನಾನು ಜೋರಾಗಿ ಓದ್ತೀನಲ್ಲ."

"ಜೋರಾಗಿ ಓದಿದ್ರೆ ಕೇಳಕಿಲ್ಲ, ಅಲ್ವಾ?" ಎಂದು ತಲೆಯಾಡಿಸಿ ಹೊರಟುಹೋದ.

ಐದನೆಯ ದಿನ ಮತ್ತೆ ಕೇಳಿದ. "ನಿಮ್ಮ ಮನೆಯೋರು ಎಷ್ಟು ದಿನದಿಂದ ಹಿಂಗೆ ದನಿ ಮಾಡ್ತಾವ್ರೆ?"

"ಐದು ದಿನ ಆಯ್ತು ಸ್ವಾಮಿ."

ವೆಂಕಟಯ್ಯ ಬೆರಳು ಮಡಿಚಿದ. "ಐದು ದಿನ ಆದ್ರೂ ದನಿ ಗಟ್ಟಿಯಾಗೇ ಐತೆ. ಪರವಾಗಿಲ್ಲ."

ಇದ್ರೀಸ್ ಪುಸ್ತಕವನ್ನು ಎದೆಗೆ ಅವುಚಿಕೊಂಡ. ಇವನಿಗೆ ಗೊತ್ತಾಗಿದೆ. ಬೆಕ್ಕು ಇಲಿಯನ್ನು ಆಡಿಸುವಂತೆ ಆಡಿಸುತ್ತಿದ್ದಾನೆ. ಓಡಿಹೋಗೋಣವೆಂದರೆ ಅವಳು ಎದ್ದು ಕೂರಲಾರಳು. ಕಾಲು ಹಿಡಿಯೋಣವೆಂದರೆ ತಾನೇ ಒಪ್ಪಿಕೊಂಡಂತಾಗುತ್ತದೆ. ಯಾ ಅಲ್ಲಾ, ಓದುವುದೊಂದನ್ನು ಬಿಟ್ಟು ತನ್ನ ಕೈಯಲ್ಲಿ ಇನ್ನೇನಿದೆ ಎಂದು ಅವನಿಗೆ ಅಳುವೇ ಬಂತು.

ಆರನೆಯ ದಿನ ಅದನ್ನೂ ಕಿತ್ತುಕೊಂಡ ಪುಣ್ಯಾತ್ಮ. ಕಥೆ ಮುಗಿಯುತ್ತಲೇ ಕೈ ಚಾಚಿದ. "ಆ ಪುಸ್ತಕ ಒಸಿ ಕೊಡಿ. ಮನೆಗೆ ತಕ್ಕಂಡೋಗ್ತೀನಿ."

"ಸ್ವಾಮಿ, ನಾಳೆಗೆ ಓದೋಕೆ..."

"ನಾಳೆ ನಾನು ಓದ್ತೀನಿ. ಎಲ್ಲ ನಮ್ಮನೆ ತಾವ ಬರ್ರಪ್ಪ!" ಎಂದು ಜನರತ್ತ ತಿರುಗಿ ಕೂಗಿದ.

ಕೇಳುತ್ತಿರುವವನು ಗುಮಾಸ್ತ. ಇಲ್ಲವೆನ್ನುವುದು ಹೇಗೆ? ಇದ್ರೀಸ್ ಕೊಟ್ಟುಬಿಟ್ಟ.

ಮಾರನೆಯ ಮಧ್ಯಾಹ್ನ ಜಗಲಿ ಬರಿದಾಗಿತ್ತು. ಕರೀಮುನ್ನೀಸಾ ನರಳುತ್ತಿದ್ದಳು. ಓದಿನ ಮರೆಯಿಲ್ಲದ ಆ ನರಳಾಟ ಬೀದಿಗೇ ಕೇಳುತ್ತಿತ್ತು. ಬಾಯಿಪಾಠವಾಗಿದ್ದ ಕಥೆಯನ್ನೇ ಜೋರಾಗಿ ಹೇಳೋಣವೆಂದರೆ ಹೆದರಿಕೆಗೆ ಒಂದು ಸಾಲೂ ನಾಲಿಗೆಗೆ ಬರಲಿಲ್ಲ. ಗಾಡಿ ಬರುವ ಮೊದಲು ಪುಸ್ತಕ ತರಬೇಕು, ಕಾಲಿಗೆ ಬಿದ್ದಾದರೂ ಸರಿ. ಅವನು ಬಾಗಿಲಿಗೆ ಬೀಗ ಹಾಕಿ ಓಡಿದ.

ಗುಮಾಸ್ತನ ಮನೆಯ ಮುಂದೆ ಜನವೋ ಜನ. ವೆಂಕಟಯ್ಯ ಮುಚ್ಚಿದ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಗಂಟಲು ಹರಿಯುವಂತೆ ಓದುತ್ತಿದ್ದ. ಸಾಲು ತಪ್ಪುತ್ತಿತ್ತು. ಓದಿದ್ದನ್ನೇ ಓದುತ್ತಿದ್ದ. ಬೆವರು ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಕೋಣೆಯೊಳಗಿನಿಂದ ಸಣ್ಣ ದನಿಯೊಂದು ನರಳಿತು.

"ಮಗಳ ಕೈಲೇ ದನಿ ಮಾಡುಸ್ತಾವ್ರೆ ಕಣವ್ವ!" ಎಂದು ಪಕ್ಕದ ಮನೆಯ ಮಾಯಮ್ಮ ಕೆನ್ನೆಗೆ ಕೈಯಿಟ್ಟುಕೊಂಡಳು. "ಬಾವಿಗೆ ಬಿದ್ದ ಕೂಸು ಅತ್ತಂಗೇ ಐತಲ್ಲ!"

ವೆಂಕಟಯ್ಯ ತಲೆಯೆತ್ತಿದ. ಇದ್ರೀಸನನ್ನು ಕಂಡು ಅವನ ತುಟಿ ಅದುರಿತು. ಆದರೂ ಓದು ನಿಲ್ಲಿಸಲಿಲ್ಲ.

ಆ ಪುಸ್ತಕದ ಯಾವ ಕಥೆಯಲ್ಲೂ ಕೂಸು ಇರಲಿಲ್ಲ.